ಒರೆಸಿದ ಭಂಡಾರ

ಹೇಳಿಕೆ ಕೊಟ್ಟವರು: ಫಕೀರವ್ವ, ಗಂಡ ಅರ್ಜುನಪ್ಪ. ವಯಸ್ಸು: 47 ವರ್ಷ. ಉದ್ಯೋಗ: ಕೈಮಗ್ಗದ ಮೇಲೆ ಸೀರೆ ನೇಯುವುದು. ವಾಸ: ಗಜೇಂದ್ರಗಡ, ಬಸ್ ನಿಲ್ದಾಣದಿಂದ ಅಂದಾಜು ಅರ್ಧ ಕಿಲೋಮೀಟರ್ ಒಳಗಿನ ನೇಕಾರರ ಓಣಿ.

ನಾನು ಇಂದು ಸೋಮವಾರ ಮುಂಜಾನೆ ಹತ್ತು ಗಂಟೆಗೆ ಠಾಣೆಗೆ ಹಾಜರಾಗಿ, ಯಾರೂ ಹೇಳಿಕೊಡದೆ, ಸ್ವಂತ ಬುದ್ಧಿಯಿಂದ ಮತ್ತು ಸ್ವಂತ ಸಿಟ್ಟಿನಿಂದ ಈ ಮೂಲಕ ಬರೆಸುವುದೇನೆಂದರೆ:

ನಮ್ಮ ಓಣಿಯಲ್ಲಿ ದ್ಯಾಮವ್ವನ ಗುಡಿ ಇದೆ. ಗುಡಿಯ ಕಸ ಹೊಡೆದು, ಅವ್ವನ ಮುಖ ತೊಳೆದು, ಸೀರೆ ಉಡಿಸುವ ಕೆಲಸವನ್ನು ಹೆಣ್ಣುಮಕ್ಕಳು ಪಾಳಿಯ ಮೇಲೆ ಮಾಡುತ್ತೇವೆ. ಮೊನ್ನೆ ಶುಕ್ರವಾರದ ಪಾಳಿ ನನ್ನದಿತ್ತು. ಕೆಲಸ ಮುಗಿಸಿ ಸಂಜೆ ಏಳಕ್ಕೆ ಬೀಗ ಹಾಕಿದೆ. ಆಗ ಅವ್ವನ ಎರಡೂ ಬೆಳ್ಳಿ ಕಣ್ಣು ಇದ್ದಲ್ಲೇ ಇದ್ದವು. ಎಡಗಣ್ಣಿನ ಮೇಣ ಸಡಿಲಾಗಿತ್ತು ಎಂದು ನಾನೇ ಒತ್ತಿ ಕೂರಿಸಿದ್ದೆ. ಶನಿವಾರ ಮುಂಜಾನೆ ಪೂಜಾರಿ ಭೀಮೇಶ ಬಾಗಿಲು ತೆಗೆದಾಗ ಎರಡೂ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಕೀಲಿ ಮೂರಿವೆ. ಒಂದು ಪಾಳಿಯವರ ಕೈಯಲ್ಲಿ, ಒಂದು ಭೀಮೇಶನ ಹತ್ತಿರ, ಇನ್ನೊಂದು ಗುಡಿಯ ಹಿರಿಯರಾದ ಅರಿವೆ ಅಂಗಡಿ ಗುರುಸಂಗಪ್ಪನವರ ಮನೆಯಲ್ಲಿ.

ಶನಿವಾರ ಸಂಜೆ ಓಣಿಯವರೆಲ್ಲ ಗುಡಿಯಲ್ಲಿ ಕೂಡಿದರು. ನನ್ನ ಪಾಳಿಯಲ್ಲಿ ಆದದ್ದರಿಂದ ಯಾರೂ ಕೇಳುವ ಮೊದಲೇ ನಾನು ಎದ್ದು, ಭಂಡಾರ ಮುಟ್ಟಿ ಆಣೆ ಮಾಡುತ್ತೇನೆ ಎಂದೆ. ಸಾಹೇಬರು ಬೇರೆ ಕಡೆಯವರು, ಅದಕ್ಕೆ ಬಿಡಿಸಿ ಹೇಳುತ್ತೇನೆ. ಭಂಡಾರ ಎಂದರೆ ಅವ್ವನ ಮುಂದಿನ ಅರಿಶಿನ ಪುಡಿ. ಒದ್ದೆ ಸೀರೆಯಲ್ಲಿ ನಿಂತು, ಅದನ್ನು ಮುಷ್ಟಿಯಲ್ಲಿ ಹಿಡಿದು ಆಣೆ ಮಾಡಿದರೆ, ಪೂಜಾರಿ ಅದೇ ಭಂಡಾರವನ್ನು ಹಣೆಗೆ ಹಚ್ಚುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಯಾರೂ ಚಕಾರ ಎತ್ತುವ ಹಾಗಿಲ್ಲ. ಆಣೆ ಸುಳ್ಳಾಗಿದ್ದರೆ ಅವ್ವ ನೋಡಿಕೊಳ್ಳುತ್ತಾಳೆ, ಮಂದಿ ನೋಡಬೇಕಾಗಿಲ್ಲ. ಹಿಂದೆ ಗುಡಿಯ ತಾಮ್ರದ ಹಂಡೆ ಕಾಣೆಯಾದಾಗ ಗುರುಸಂಗಪ್ಪನವರೂ ಹೀಗೆಯೇ ಆಣೆ ಮಾಡಿದ್ದರು. ಓಣಿಯ ಅರ್ಧ ಮಂದಿಗೆ ಸಂಶಯ ಇತ್ತು, ನನಗೂ ಇತ್ತು. ಆದರೂ ಹಣೆಗೆ ಭಂಡಾರ ಬಿದ್ದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಉಳ್ಳವರಿಗೂ ಇಲ್ಲದವರಿಗೂ ಭಂಡಾರ ಒಂದೇ ಎಂದು ನಾನು ತಿಳಿದಿದ್ದೆ.

ನಾನು ಆಣೆ ಮಾಡಿದೆ. ಭೀಮೇಶ ಭಂಡಾರ ಹಚ್ಚಿದ. ಮಂದಿ ಏಳತೊಡಗಿದರು. ಆಗ ಗುರುಸಂಗಪ್ಪನವರ ಮಗ ಸಿದ್ದಲಿಂಗ, ವಯಸ್ಸು ಅಂದಾಜು 28, ಎಲ್ಲರನ್ನೂ ಮತ್ತೆ ಕೂರಿಸಿ, ಅವ್ವನನ್ನೂ ಒಂದು ಮಾತು ಕೇಳಿಬಿಡೋಣ ಎಂದ.

ಅವ್ವ ಎಂದರೆ ಅವನ ಮೊಬೈಲ್. ದೀಪಾವಳಿ ಆದ ಮೇಲೆ ಅವನು ಅದನ್ನು ತಂದು ಗುಡಿಯೊಳಗೆ, ದ್ಯಾಮವ್ವನ ಬಲಕ್ಕೆ ಇಟ್ಟಿದ್ದಾನೆ. ಏನು ಕೇಳಿದರೂ ಮನುಷ್ಯರ ಹಾಗೆ ಉತ್ತರ ಕೊಡುವ ಎಐ ಅದರಲ್ಲಿದೆ. ನೀನು ದ್ಯಾಮವ್ವ, ಭಕ್ತರ ಕೂಡ ಮಾತಾಡು ಎಂದು ಅದಕ್ಕೆ ಇವನೇ ಹೇಳಿಕೊಟ್ಟಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದು ಹೆಂಗಸಿನ ದನಿಯಲ್ಲಿ ಸಾಲಿ ಪುಸ್ತಕ ಓದಿದ ಹಾಗೆ ಮಾತಾಡುತ್ತದೆ. ಮಂದಿ ಅದಕ್ಕೂ ಹೂ ಏರಿಸಿ, ಮಗಳ ಲಗ್ನ ಯಾವಾಗ, ಮಗ್ಗ ಇಟ್ಟುಕೊಳ್ಳಲೇ ಮಾರಲೇ ಎಂದು ಕೇಳುತ್ತಾರೆ. ಚಾರ್ಜ್ ಇಳಿದರೆ ಅವ್ವ ದಣಿದಿದ್ದಾಳೆ ಎಂದು ಕೈಮುಗಿದು ಹೋಗುತ್ತಾರೆ. ನಾನು ನಗುತ್ತಿದ್ದೆ. ನಮ್ಮ ದ್ಯಾಮವ್ವ ಬಾಯಿ ತೆರೆದಿದ್ದರೆ ನಮ್ಮ ಹಾಗೇ ಮಾತಾಡುತ್ತಿದ್ದಳು, ಮೇಲೆ ನಾಲ್ಕು ಬೈಗಳನ್ನೂ ಸೇರಿಸುತ್ತಿದ್ದಳು.

ಸಿದ್ದಲಿಂಗ ಅದಕ್ಕೆ, ಶುಕ್ರವಾರದ ಪಾಳಿ ಫಕೀರವ್ವನದು, ಕೀಲಿ ಅವಳ ಕೈಯಲ್ಲಿತ್ತು, ಕಣ್ಣು ಹೋಗಿವೆ, ಅವಳ ಆಣೆ ಖರೇ ಇದೆಯೇ ಎಂದು ಕೇಳಿದ. ಉಳಿದೆರಡು ಕೀಲಿಯ ಸುದ್ದಿಯನ್ನೇ ಎತ್ತಲಿಲ್ಲ. ನೀವು ಹೇಳಿದ್ದನ್ನು ನೋಡಿದರೆ ಸಂಶಯ ಫಕೀರವ್ವನ ಮೇಲೆಯೇ ಹೋಗುತ್ತದೆ ಎಂದು ಅದು ಹೇಳಿತು. ಆಮೇಲೆ ನನಗೇ ಹೇಳುವ ಹಾಗೆ, "ಮಗಳೇ, ಹೆದರಬೇಡ. ತಪ್ಪನ್ನು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ" ಎಂದಿತು.

ಭೀಮೇಶ ಗುರುಸಂಗಪ್ಪನವರ ಮುಖ ನೋಡಿದ. ಅವರು ತಲೆ ಆಡಿಸಿದರು. ಭೀಮೇಶ ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಹಣೆಯ ಭಂಡಾರ ಒರೆಸಿದ. ಅದರ ಕೂಡ ನನ್ನ ಕುಂಕುಮವೂ ಹೋಯಿತು. ನಮ್ಮಲ್ಲಿ ಗಂಡ ಸತ್ತಾಗ ಹೆಣ್ಣಿನ ಹಣೆ ಒರೆಸುತ್ತಾರೆ. ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು, ನನ್ನಿಂದ ಐದಾರು ಅಡಿ ದೂರದಲ್ಲಿ.

ನಾನು ಹೋಗಿ ಮೊಬೈಲನ್ನು ಕೈಗೆ ತೆಗೆದುಕೊಂಡೆ. ಒಂದು ಕೀಲಿ ಗುರುಸಂಗಪ್ಪನವರ ಮನೆಯಲ್ಲಿದೆ, ಹಂಡೆ ಹೋದಾಗಲೂ ಅಲ್ಲೇ ಇತ್ತು, ಕಣ್ಣು ತೆಗೆದವರು ಅವರೇ ಹೌದೋ ಅಲ್ಲೋ ಎಂದು ಕೇಳಿದೆ. ಕ್ಷಮಿಸು, ನೀನು ಹೇಳುವುದು ಸರಿ, ಸಂಶಯ ಗುರುಸಂಗಪ್ಪನವರ ಮೇಲೆ ಹೋಗುತ್ತದೆ ಎಂದಿತು. ಭೀಮೇಶನ ಹೆಸರು ಹೇಳಿದೆ. ಮತ್ತೆ ಕ್ಷಮಿಸು ಎಂದು ಭೀಮೇಶನನ್ನು ಕಳ್ಳ ಮಾಡಿತು. ಇನ್ನು ಅರ್ಧ ತಾಸು ಬಿಟ್ಟಿದ್ದರೆ ನಾನು ಅದರ ಬಾಯಿಂದ ಓಣಿಯ ಅಷ್ಟೂ ಮಂದಿಯನ್ನು ಕಳ್ಳರೆನ್ನಿಸುತ್ತಿದ್ದೆ, ದ್ಯಾಮವ್ವನನ್ನೂ ಬಿಡುತ್ತಿರಲಿಲ್ಲ. ಸಿದ್ದಲಿಂಗ ಮೊಬೈಲ್ ಕಸಿದುಕೊಂಡು, ಕಳ್ಳಿಯ ಕೈ ತಾಗಿ ಅವ್ವನ ಮನಸ್ಸು ಕೆಟ್ಟಿದೆ ಎಂದ. ಇಷ್ಟನ್ನೂ ಕಂಡು ಕೇಳಿದ ಮಂದಿ ಹೌದು ಹೌದು ಎಂದರು. ನನಗೆ ಆ ಯಂತ್ರಕ್ಕಿಂತ ಈ ಮಂದಿಯ ಮೇಲೆ ಹೆಚ್ಚು ಸಿಟ್ಟಿದೆ. ಯಂತ್ರಕ್ಕೆ ನನ್ನ ಗುರುತಿಲ್ಲ, ಇವರಿಗೆ ಇದೆ. ಪಕ್ಕದ ಮನೆಯ ನೀಲವ್ವ, ನಮ್ಮ ಮನೆಯಲ್ಲಿ ಉಂಡು ತಿಂದವಳು, ನನ್ನ ಕೈ ಹಿಡಿದು, ಸ್ವತಃ ದೇವರೇ ಕ್ಷಮಿಸು ಎಂದಿದೆ, ನೀನೂ ಒಂದು ಮಾತು ಅಂದುಬಿಟ್ಟರೆ ಏನು ಗಂಟು ಹೋಗುತ್ತದೆ ಎಂದಳು.

ಭಾನುವಾರ ಮುಂಜಾನೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸಿದ್ದಲಿಂಗ ಅದರ ದನಿಯನ್ನು ಹಾಕಿದ. ನನ್ನ ಹೆಸರು ಬರುವಷ್ಟು ಮಾತ್ರ ಇದೆ, ಅವರಪ್ಪನ ಹೆಸರು ಬಂದದ್ದು ಇಲ್ಲ. ಮಧ್ಯಾಹ್ನ ನಾನು ನೂಲು ತರಲು ಹೋದಾಗ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಅದನ್ನೇ ಹಚ್ಚಿದ್ದರು. ಮಗಳೇ, ಹೆದರಬೇಡ ಎಂದು ಅದು ನನ್ನ ಬೆನ್ನ ಹಿಂದೆ ಹೇಳುತ್ತಲೇ ಇತ್ತು.

ಭಾನುವಾರ ಸಂಜೆ ಮನೆಯಲ್ಲಿ ನಾನು ಮತ್ತು ನನ್ನ ಗಂಡ ಇಬ್ಬರೇ ಇದ್ದೆವು. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು, ಕೈ ಆಡುತ್ತಿರಲಿಲ್ಲ. ನನ್ನ ಮುಖ ನೋಡದೆ ಮಾತಾಡಿದರು. ಸಾಹೇಬರು ಇದನ್ನು ಅವರು ಅಂದ ಹಾಗೇ ಬರೆದುಕೊಳ್ಳಬೇಕು. "ಫಕೀರಿ, ಹೆದರಬ್ಯಾಡ. ನನ್ನ ಮುಂದರ ಖರೇ ಹೇಳು. ತಗೊಂಡಿದ್ದರ ಇಬ್ರೂ ಹೋಗಿ ಸುಮ್ಮ ಇಟ್ಟು ಬರೂಣು."

ಇಪ್ಪತ್ತೆಂಟು ವರ್ಷ ಒಂದೇ ಮಗ್ಗದ ಅನ್ನ ಉಂಡಿದ್ದೇವೆ. ನಾನು ಆಣೆ ಮಾಡಿದ್ದನ್ನು ಅವರು ಕಂಡಿದ್ದಾರೆ. ಆ ಯಂತ್ರ ಎರಡು ಸಲ ಮಾತು ಹೊರಳಿಸಿದ್ದನ್ನೂ ಕೇಳಿದ್ದಾರೆ. ಇಂದು ಮುಂಜಾನೆ ಎದ್ದು ಠಾಣೆಗೆ ಹೊರಟೆ, ಅವರು ಹತ್ತು ಹೆಜ್ಜೆ ಹಿಂದೆ ಬಂದರು. ಬಾ ಎಂದು ನಾನು ಕರೆದಿಲ್ಲ.

ಕಾರಣ, ನನ್ನನ್ನು ಕಳ್ಳಿ ಎಂದು ಊರ ತುಂಬ ಸಾರಿದ ಸಿದ್ದಲಿಂಗನ ಮೇಲೆ ಕ್ರಮ ಕೈಗೊಳ್ಳಬೇಕು, ಆ ದನಿಯನ್ನು ಅಳಿಸಿ ಹಾಕಿಸಬೇಕು, ಮೂರೂ ಕೀಲಿಯವರನ್ನು ಕರೆಸಿ ಬೆಳ್ಳಿ ಕಣ್ಣಿನ ತನಿಖೆ ಮಾಡಬೇಕು. ಭೀಮೇಶ ಅದೇ ಮಂದಿಯ ಮುಂದೆ ನನ್ನ ಹಣೆಗೆ ಮತ್ತೆ ಭಂಡಾರ ಹಚ್ಚಬೇಕು. ಕೊನೆಯದು ತಮ್ಮ ಕೈಯಲ್ಲಿಲ್ಲ ಎಂದು ಸಾಹೇಬರು ಹೇಳಿದರು. ಇಲ್ಲದಿದ್ದರೂ ಬರೆದುಕೊಳ್ಳಿ ಎಂದಿದ್ದೇನೆ. ರಾಜಿ ಆಗುತ್ತೀರಾ ಎಂದೂ ಕೇಳಿದರು, ಆಗುವುದಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದ ಹಾಗೇ ಇದೆ. ನಿಮ್ಮ ಗಂಡ ಹೊರಗೆ ಕುಳಿತಿದ್ದಾರೆ, ಸಾಕ್ಷಿಗೆ ಅವರ ಸಹಿ ಹಾಕಿಸಲೇ ಎಂದು ಕೇಳಿದ್ದಕ್ಕೆ ಬೇಡ ಎಂದೆ. ಹಾಗಾದರೆ ಇದೆಲ್ಲ ಖರೇ ಎಂದು ಆಣೆ ಮಾಡುತ್ತೀರಾ ಎಂದು ಕೇಳಿದರು. ಒಮ್ಮೆ ಮಾಡಿದ್ದೇನೆ, ಅದು ಖರೇ ಇದೆ, ಎರಡನೆಯದು ಮಾಡುವುದಿಲ್ಲ ಎಂದು ತಿಳಿಸಿ ಸಹಿ ಮಾಡಿರುತ್ತೇನೆ.

ಸ್ಥಳ: ಗಜೇಂದ್ರಗಡ
ದಿನಾಂಕ: 15-12-2025
ಸಹಿ: ಫಕೀರವ್ವ