ಕಚ್ಚಿನ ಕಡೆ ಮುರದ ಶಾಫ್ಟು

ದನಿ ಸಣ್ಣ ಮಾಡ್ರಿ, ಹೇಳತೇನಿ. ನಮ್ಮ ಕಾಕಾನ ಮಗಳು ದ್ರಾಕ್ಷಾಯಿಣಿಗೆ ಆಗಿದ್ದಿದು. ತೊಂಬತ್ತೆಂಟನೇ ಇಸವಿ.

ನಮ್ಮೂರು ಮುಗದದಾಗ ಬಸ್ಸಿಳದು, ಹಾಳ ಬಾವಿ ಬಾಜೂಕ ಮನಿಗೆ ನಡದಿದ್ಲು. ಹೊತ್ತಾಗಿತ್ತು. ಕರೆಂಟಿಲ್ಲ. ತಲ್ಯಾಗ ಸಿಟ್ಟು.

ನಮ್ಮೂರ ಹತ್ತರದ ಬೇಲೂರಿನ ಒಂದು ಕ್ರೇನ್ ಫ್ಯಾಕ್ಟರ್‍ಯಾಗ ಇದ್ಲಕಿ. ಕಬ್ಬಿಣದ ಸಳಿಗೆ ಕಚ್ಚು ಕೊರದು, ಭಾರ ಹಾಕಿ, ಮುರಿಯೂತನಕಾ ಮಶೀನಿನ್ಯಾಗ ತಿರುಗಸೂದು. ಅದನ್ನ ನೋಡಿ, ಅಂಥಾ ಕಚ್ಚಿನ ಶಾಫ್ಟು, ಅಂದ್ರ ಕ್ರೇನಿನ್ಯಾಗ ತಿರುಗೋ ದಪ್ಪ ಸಳಿ, ಎಷ್ಟು ವರ್ಷ ತಾಳತೈತಿ ಅಂತ ಹೇಳೂದು. ಅದ ಅಕಿ ಕೆಲಸ. ಹೊಸಾ ಶಾಫ್ಟಿನ ಕಚ್ಚಿನ ಮೂಲಿ ಭಾಳ ಚೂಪಿತ್ತು. "ವರ್ಷ ತುಂಬೂದ್ರಾಗ ಮುರೀತೈತ್ರಿ" ಅಂದಿದ್ಲು. ಮ್ಯಾನೇಜರ್ ಗುರುಬಸವ ಕೇಳಲಿಲ್ಲ. "ಹತ್ತು ವರ್ಷ ಅಂತ ಪಾಸ್ ಮಾಡ್ರಿ. ಇಲ್ಲಾಂದ್ರ ಮನ್ಯಾಗ ಕುಂದರ್ರಿ" ಅಂದಿದ್ದ.

ಬಾವಿ ಬಂತು. ಒಳಗ ಸಪ್ಪಳ...

ಟಿಕ್... ಟಿಕ್...

ನೀರ ಹನಿ ಅಲ್ಲ. ಬಿರುಕು ಬಿಡೋ ಕಬ್ಬಿಣದ್ದು. ಅಕಿಗೆ ಗೊತ್ತಿದ್ದ ಸಪ್ಪಳ.

ಕಟ್ಟಿ ಮ್ಯಾಲ ಒಬ್ಬಾಂವ ಕುಂತಿದ್ದ. ಊರಿನ ಶಿದ್ದಪ್ಪ! ಅಕಿ ಸೇರೂದಕ್ಕೂ ಮದಲ, ಅದ ಫ್ಯಾಕ್ಟರ್‍ಯಾಗ ಶಾಫ್ಟು ಮುರದು, ಕ್ರೇನಿನ ಭಾರ ಮೈಮ್ಯಾಲ ಬಿದ್ದು ಸತ್ತಾಂವ.

"ಅಕ್ಕಾರ..." ಪಿಸುಗುಟ್ಟಿದ. "ನನ್ನ ಶಾಫ್ಟು ಎಷ್ಟು ವರ್ಷ ಅಂದಿದ್ರಿ?"

ಅಕಿ ಹಿಂದ ಸರಿಲಿಲ್ಲ.

"ನಾ ಆಗ ಇದ್ದಿದ್ದಿಲ್ಲಪಾ."

"ಈಗ ಇದ್ದೀರಿ..."

"ಇದ್ದೇನಿ. ಪಾಸ್ ಮಾಡಂಗಿಲ್ಲ. ನೀ ಹೆದರಿಸಿದಿ ಅಂತಲ್ಲ... ಅಂಥಾ ಕಚ್ಚಿನ ಸಳಿ ಮುರಿಯೂದನ್ನ ನನ್ನ ಕಣ್ಣೀಲೆ ನೋಡೇನಿ. ದಾರಿ ಬಿಡು!"

ಅಂವ ಸರದ. ಅಕಿ ತಿರುಗಿ ನೋಡದ ನಡದ್ಲು.

ಮರುದಿನ ಗುರುಬಸವ ಎಲ್ಲಾರ ಮುಂದ ಮತ್ತ ಕೇಳಿದ.

"ಬೇಕಾದ್ರ ಕೆಲಸದಿಂದ ತಗೀರಿ" ಅಂದ್ಲು. "ಸುಳ್ಳ ಹೇಳಂಗಿಲ್ಲ. ಇದು ಎತ್ತಿದ ಭಾರದ ಕೆಳಗ ನೀವು ನಿಂದರತೀರೇನ್ರಿ?"

"ಎಲ್ಲಿ ಮುರದೈತಿ, ತೋರಿಸ್ರಿ!" ಅಂತ ಅಂವ ಮೇಜಿನ ಮ್ಯಾಲಿದ್ದ ಶಾಫ್ಟಿಗೆ ಕೈ ಹಚ್ಚಿದ.

ಠಣ್!

ಕಚ್ಚಿನ ಕಡೆ ಎರಡು ತುಂಡು. ಭಾರ ಹಾಕಿದ್ದಿಲ್ಲ. ಮಶೀನ ಹತ್ರಾನೂ ಒಯ್ದಿದ್ದಿಲ್ಲ.

ಆಮ್ಯಾಲ ಕಚ್ಚಿನ ಮೂಲಿ ಗುಂಡಗ ತಿದ್ದಿ, ಬ್ಯಾರೆ ಶಾಫ್ಟು ಮಾಡಿಸಿದ್ರು. ದ್ರಾಕ್ಷಾಯಿಣಿ ಅಲ್ಲೇ ಉಳದ್ಲು, ತಲಿ ಎತ್ತಿ.

ನಗಬ್ಯಾಡ್ರಿ... ಆ ಶಾಫ್ಟು ಹಿಂದಿನ ದಿನಾನ ಕಬ್ಬಿಣ ಕೊರಿಯೋ ಲೇಥಿನಿಂದ ಇಳದಿತ್ತು. ಥಳಥಳ ಹೊಸಾದು. ಆದ್ರ ಮುರದ ಜಾಗಾದಾಗ, ಒಳಗ, ಶಿದ್ದಪ್ಪ ಸತ್ತಾಗಿಂದು ಅನ್ನೂವಂಥಾ ಹಳೇ ತುಕ್ಕು ಹಿಡದಿತ್ತು. ತುಂಡು ಎತ್ತಿ ನೋಡುವಾಗ ಅಕಿ ಸೆರಗಿಗೆ ಹತ್ತಿದ್ದ ಆ ತುಕ್ಕನ್ನ ಕಲ್ಲಿನ ಮ್ಯಾಲ ತಿಕ್ಕಿ ಒಗದಾಕಿ ನಾನ. ಖರೇ ಐತಿ.