ಕಿಟಕಿಗೆ ಸಿಕ್ಕಿಸಿದ ಚೀಟಿ

ಕೆಳಗೆ ಸಹಿ ಹಾಕಲಿರುವ ನಾನು, ವಯಸ್ಸು 57 ವರ್ಷ, ಉದ್ಯೋಗ ಬಸ್ ಡಿಪೋದಲ್ಲಿ ಟೈಂ ಕೀಪರ್, ವಾಸ ಡಿಪೋ ಹಿಂಭಾಗದ ಸಿಬ್ಬಂದಿ ವಸತಿ, ಎರಡನೇ ಮಹಡಿ, ಮನೆ ನಂಬರ್ 14, ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಶನಿವಾರ ಸಂಜೆ 7 ಗಂಟೆ 20 ನಿಮಿಷಕ್ಕೆ ಆಸ್ಪತ್ರೆಯಲ್ಲಿ ನಾನು ಕೊಟ್ಟ ಹೇಳಿಕೆಯಲ್ಲಿ ಎರಡು ಸುಳ್ಳುಗಳಿವೆ. ಆ ಸುಳ್ಳುಗಳ ದೆಸೆಯಿಂದ ಕಡಲತೀರದ ಕುಟೀರಗಳ ಒಡತಿ ನಿನ್ನೆ ರಾತ್ರಿ 8 ಗಂಟೆ 5 ನಿಮಿಷದಿಂದ ಈ ಠಾಣೆಯ ಒಳಬೆಂಚಿನ ಮೇಲೆ ಕೂತಿದ್ದಾರೆ. ಅವರನ್ನು ಬಿಡಬೇಕು. ಇದನ್ನು ಮೊದಲೇ ಬರೆದುಕೊಳ್ಳಿ ಎಂದು ಬರೆದುಕೊಳ್ಳುವ ಪೇದೆಯವರನ್ನು ಕೇಳಿದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ ಎಂದರು. ಹೇಳುತ್ತೇನೆ.

ಶುಕ್ರವಾರ ಸಂಜೆ 5 ಗಂಟೆ 10 ನಿಮಿಷಕ್ಕೆ ನಾನು ಮತ್ತು ನನ್ನ ಹೆಂಡತಿ ಕುಟೀರಕ್ಕೆ ಬಂದೆವು. ಅವಳಿಗೆ 54 ವರ್ಷ, ಗುಂಡಿ ಮತ್ತು ದಾರದ ಅಂಗಡಿ ಇಟ್ಟಿದ್ದಾಳೆ. ಇಬ್ಬರೇ ಎಲ್ಲಿಗಾದರೂ ಹೋಗಿ ಹನ್ನೊಂದು ವರ್ಷವಾಗಿತ್ತು. ಚಳಿಗಾಲವಾದ್ದರಿಂದ ಸಾಲಿನ ನಾಲ್ಕು ಕುಟೀರಗಳಲ್ಲಿ ನಮ್ಮದೊಂದೇ ತುಂಬಿತ್ತು. ಐದನೆಯದರಲ್ಲಿ, ನಮ್ಮಿಂದ 90 ಮೀಟರ್ ದೂರದಲ್ಲಿ, ಒಡತಿಯ ವಾಸ. ನಮ್ಮದು 12 ಅಡಿಗೆ 10 ಅಡಿಯ ಮರದ ಕೋಣೆ. ಕಬ್ಬಿಣದ ಒಲೆ, ಎರಡು ಕುರ್ಚಿ, ಉಣ್ಣೆಯ ಹಾಸು, ಪಟ್ಟೆ ಪರದೆ. ಒಲೆ ಮೊದಲೇ ಹೊತ್ತಿಸಿಟ್ಟಿದ್ದರು. ನನ್ನ ಹೆಂಡತಿ ಚಪ್ಪಲಿ ಬಿಟ್ಟು ಒಲೆಯ ಮುಂದೆ ಕಾಲು ಚಾಚಿ, ಇನ್ನು ಸೋಮವಾರದ ತನಕ ನನ್ನನ್ನು ಯಾರೂ ಎಬ್ಬಿಸಬೇಡಿ ಎಂದಳು.

ಒಡತಿ ಹೋಗುವ ಮುಂಚೆ ಮಂಚದ ಮೇಲಿನ ಗೋಡೆಯಲ್ಲಿ ಗಾಜಿನ ಚೌಕಟ್ಟಿನಲ್ಲಿದ್ದ ಒಂದು ಅಚ್ಚಾದ ಪಟ್ಟಿಯನ್ನು ತೋರಿಸಿದರು. ಸಮುದ್ರದ ನೀರು ಏರುವ, ಇಳಿಯುವ ವೇಳೆಗಳ ಪಟ್ಟಿ ಅದು. ಇದು ನಮ್ಮಪ್ಪನ ಕಾಲದ್ದು, ಚೆಂದ ಕಾಣುತ್ತೆ ಅಂತ ಇಟ್ಟಿದ್ದೇನೆ, ಇದನ್ನು ನಂಬಬೇಡಿ, ಈ ವಾರದ್ದು ಬಾಗಿಲ ಪಕ್ಕ ಮೊಳೆಗೆ ಚುಚ್ಚಿದ ಚೀಟಿಯಲ್ಲಿದೆ ಎಂದು ಸ್ಪಷ್ಟವಾಗಿ ಹೇಳಿದರು. ನಿನ್ನೆ ನಾನು, ಅವರು ಪಟ್ಟಿಯನ್ನೇ ನೋಡಿಕೊಳ್ಳಿ ಎಂದರು ಅಂತ ಬರೆಸಿದ್ದೆ. ಅದು ಮೊದಲನೇ ಸುಳ್ಳು. ಅವರು ಹೇಳುವಾಗ ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಅದು 6 ನಿಮಿಷ ಹಿಂದಿತ್ತು. ಅಂಥದ್ದು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಡಿಪೋದ ಡ್ರೈವರುಗಳು ನನ್ನನ್ನು ಸೆಕೆಂಡ್ ಮುಳ್ಳು ಎಂದು ಸುಮ್ಮನೆ ಕರೆಯುವುದಿಲ್ಲ. ಆದರೂ ಅವರ ಮಾತು ನನ್ನ ಕಿವಿಗೆ ಬಿದ್ದಿತ್ತು.

ಅದೇ ಸಂಜೆ 7 ಗಂಟೆ 30 ನಿಮಿಷಕ್ಕೆ ಗಾಳಿ ಎದ್ದಿತು. ಕಿಟಕಿ ಕಟಕಟ ಎನ್ನತೊಡಗಿತು, ಸಂದಿಯಿಂದ ಚಳಿ ನುಗ್ಗಿತು. ಸಿಕ್ಕಿಸಲು ಏನೂ ಕೈಗೆ ಸಿಗದೆ, ಮೊಳೆಯಿಂದ ಆ ಚೀಟಿ ಕಿತ್ತು, ಎಂಟು ಮಡಿಕೆ ಮಡಚಿ, ಕಿಟಕಿಯ ಸಂದಿಗೆ ಒತ್ತಿದೆ. ಓದಲಿಲ್ಲ. ಕೈಬರಹ ಸೊಟ್ಟಗಿತ್ತು. ಮೂವತ್ತು ವರ್ಷ ಅಚ್ಚಾದ ವೇಳಾಪಟ್ಟಿ ನೋಡಿಕೊಂಡು ಬದುಕಿದವನಿಗೆ ಪೆನ್ಸಿಲಿನಲ್ಲಿ ಗೀಚಿದ್ದು ಲೆಕ್ಕಕ್ಕಿಲ್ಲ. ಕಟಕಟ ನಿಂತಿತು, ಕೋಣೆ ಬೆಚ್ಚಗಾಯಿತು. ನಿಮ್ಮ ಕೈಯಿಂದ ಒಂದಾದರೂ ಕೆಲಸ ಸದ್ದಿಲ್ಲದೆ ಆಯಿತಲ್ಲ ಎಂದು ಹೆಂಡತಿ ನಕ್ಕಳು. ಒಡತಿ ಚೀಟಿಯನ್ನೇ ಕೊಟ್ಟಿಲ್ಲ ಎಂದು ನಾನು ನಿನ್ನೆ ಬರೆಸಿದ್ದು ಎರಡನೇ ಸುಳ್ಳು.

ಶನಿವಾರ ಮಧ್ಯಾಹ್ನ 2 ಗಂಟೆ 45 ನಿಮಿಷಕ್ಕೆ ಊಟ ಮುಗಿಯಿತು. ಎದುರಿಗೆ ಕಾಣುವ ಆಮೆಬಂಡೆಯ ಹತ್ತಿರ ಒಳ್ಳೆಯ ಕಪ್ಪೆಚಿಪ್ಪು ಸಿಗುತ್ತದಂತೆ, ತೂತು ಕೊರೆದರೆ ಗುಂಡಿ ಮಾಡಬಹುದು, ಹೋಗಿ ಬರುತ್ತೇನೆ ಎಂದು ಹೆಂಡತಿ ಹೇಳಿದಳು. ಬಂಡೆ ಕುಟೀರದಿಂದ 420 ಮೀಟರ್. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬಹುದು. ಚೀಟಿ ಎಲ್ಲಿ ಎಂದು ಕೇಳಿದಳು. ಅದ್ಯಾಕೆ, ಅಚ್ಚಾದದ್ದೇ ಇದೆಯಲ್ಲ ಎಂದು ನಾನು ಮಂಚದ ಮೇಲೆ ಹತ್ತಿ ನಿಂತು ಪಟ್ಟಿ ಓದಿದೆ. ಆ ತಾರೀಖಿನ ಎದುರು, ನೀರು ಪೂರ್ತಿ ಇಳಿಯುವುದು 4 ಗಂಟೆ 12 ನಿಮಿಷ ಎಂದಿತ್ತು.

ಅವಳು ಬಾಗಿಲಲ್ಲಿ ನಿಂತು, ಊಟಕ್ಕೆ ಕೂರುವಾಗ ಒಣಗಿದ್ದ ಕಲ್ಲು ಈಗ ಒದ್ದೆಯಾಗಿದೆ, ನೀರು ಏರುತ್ತಿರುವ ಹಾಗಿದೆ ರೀ ಎಂದಳು. ಇನ್ನೂ ಒಂದು ಗಂಟೆ ಏಳು ನಿಮಿಷ ಅದು ಇಳಿಯಬೇಕು, ಬಂದ ಬಸ್ಸು ಹೊರಡುವ ವೇಳೆಗೆ ಮುಂಚೆ ಹೊರಡುತ್ತದೆಯೇ ಎಂದು ನಾನು ಕೇಳಿದೆ. ನೀವು ಗಡಿಯಾರವನ್ನೇ ಮದುವೆಯಾಗಬೇಕಿತ್ತು ಎಂದಳು. ಆದರೂ ನನ್ನ ಮಾತು ನಂಬಿ ಹೊರಟಳು. ಆಗ 3 ಗಂಟೆ 5 ನಿಮಿಷ. ಹಸಿರು ಸ್ವೆಟರ್, ಕೈಯಲ್ಲಿ ಕೆಂಪು ಚೀಲ. ಚಳಿಗೆ ನಾನು ಬಾಗಿಲು ಹಾಕಿ, ಪರದೆ ಎಳೆದು, ಗೋಡೆ ಗಡಿಯಾರ ಇಳಿಸಿಕೊಂಡು ರಿಪೇರಿಗೆ ಕೂತೆ.

ಗಡಿಯಾರ ಸರಿಯಾಯಿತು. ಗೋಡೆಗೆ ಏರಿಸಿ, ಸರಿಯಾಗಿ 4 ಗಂಟೆ 12 ನಿಮಿಷಕ್ಕೆ, ಪೂರ್ತಿ ಇಳಿದ ಸಮುದ್ರ ನೋಡೋಣವೆಂದು ಪರದೆ ಸರಿಸಿದೆ. ಮರಳು ಇರಲಿಲ್ಲ. ಬಂಡೆಯ ಸುತ್ತ ನೀರೇ ನೀರು. ತುದಿಯಲ್ಲಿ ಹಸಿರು ಸ್ವೆಟರ್ ಕೂತಿತ್ತು, ನಿಂತಿರಲಿಲ್ಲ. ಕೆಂಪು ಚೀಲ ಅಲೆಯ ಮೇಲೆ ಬೇರೆಯೇ ತೇಲುತ್ತಿತ್ತು. ಚಪ್ಪಲಿಯಿಲ್ಲದೆ ಓಡಿದೆ. ನೀರು ಸೊಂಟಕ್ಕೆ ಬಂದಾಗ ಕಾಲು ಮುಂದೆ ಹೋಗಲಿಲ್ಲ. ನನಗೆ ಈಜು ಬರುವುದಿಲ್ಲ. ಅವಳಿಗೂ ಬರುವುದಿಲ್ಲ. ಕೂಗಿದೆ, ಗಾಳಿಗೆ ನನ್ನ ದನಿ ನನಗೇ ಕೇಳಲಿಲ್ಲ.

4 ಗಂಟೆ 16 ನಿಮಿಷಕ್ಕೆ, ನನ್ನನ್ನು ನೀರಿನಲ್ಲಿ ಕಂಡು, ಒಡತಿ ಹಗ್ಗ ಹಿಡಿದು ಓಡಿ ಬಂದರು. ಯಾವಾಗ ಹೋದರು ಎಂದು ಒಂದೇ ಒಂದು ಮಾತು ಕೇಳಿದರು. 3 ಗಂಟೆ 5 ನಿಮಿಷ ಎಂದೆ. ಅಯ್ಯೋ, ಚೀಟಿಯಲ್ಲಿ ಬರೆದಿದ್ದೆನಲ್ಲ ಎಂದರು. ಅವರು ಆ ಹಗ್ಗವನ್ನು ಸೊಂಟಕ್ಕೆ ಬಿಗಿದು, ನನಗೆ ದೋಣಿಯವರ ಮನೆ ತೋರಿಸಿ, ನೋಡುತ್ತಾ ನಿಲ್ಲಬೇಡಿ, ಓಡಿ ಎಂದು ಗದರಿ, 4 ಗಂಟೆ 19 ನಿಮಿಷಕ್ಕೆ ನೀರಿಗಿಳಿದರು. ಅವರ ವಯಸ್ಸು ಅರವತ್ತರ ಮೇಲಿದೆ. ಆ ನೀರಿನಲ್ಲಿ ಕೈ ಅದ್ದಿದರೆ ಮೂಳೆ ನೋಯುತ್ತದೆ.

ದೋಣಿಯವರ ಮನೆ 700 ಮೀಟರ್. ಮರಳಿನಲ್ಲಿ ಓಡಲು ನನಗೆ 9 ನಿಮಿಷ ಬೇಕಾಯಿತು. ಅವರು ಗಡ್ಡ ಬಿಟ್ಟ ದೊಡ್ಡ ಆಳು, ಕವುಚಿ ಹಾಕಿದ ದೋಣಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಬಂಡೆಯ ಕಡೆ ಕೈ ತೋರಿಸಿದೆ. ಇಬ್ಬರೂ ಸೇರಿ ದೋಣಿ ಮಗುಚಿ, ಎಳೆದು, ನೀರಿಗಿಳಿಸುವಾಗ 4 ಗಂಟೆ 41 ನಿಮಿಷ. ನೀವು ಭಾರ, ಬೇಡ ಎಂದು ನನ್ನನ್ನು ಬಿಟ್ಟು ಹುಟ್ಟು ಹಾಕಿದರು. ಹಸಿ ಬಣ್ಣ ನನ್ನ ಅಂಗೈಯಲ್ಲಿ ಈಗಲೂ ಇದೆ.

ನಾನು ಮರಳಿ ಬಂದು ನೋಡುವಾಗ ಬಂಡೆ ಕಾಣುತ್ತಿರಲಿಲ್ಲ. ಎರಡು ತಲೆ, ಒಂದು ಕೈ ಕಾಣುತ್ತಿತ್ತು. ಒಡತಿ ನನ್ನ ಹೆಂಡತಿಯನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದರು. ಅಲೆ ಬಂದಾಗಲೆಲ್ಲ ಎರಡೂ ತಲೆ ಮುಳುಗುತ್ತಿತ್ತು, ನಾನು ಎಣಿಸುತ್ತಿದ್ದೆ, ಮತ್ತೆ ಏಳುತ್ತಿತ್ತು. ಒಮ್ಮೆ ಹನ್ನೊಂದರ ತನಕ ಎಣಿಸಿದೆ. ದೋಣಿ ತಲುಪಿದ್ದು 4 ಗಂಟೆ 55 ನಿಮಿಷಕ್ಕೆ. ದಡಕ್ಕೆ ತಂದಾಗ ನನ್ನ ಹೆಂಡತಿಗೆ ಪ್ರಜ್ಞೆ ಇರಲಿಲ್ಲ, ತುಟಿ ನೀಲಿಯಾಗಿತ್ತು. ಬಂಡೆಯಿಂದ ಇಳಿಯಲು ಹೋಗಿ ಜಾರಿ ಅವಳ ಎಡಗಾಲು ಮುರಿದಿತ್ತು, ಅದಕ್ಕೇ ಅವಳನ್ನು ಈಜಿಸಿ ತರಲು ಆಗಲಿಲ್ಲ ಎಂದು ಒಡತಿ ಹಲ್ಲು ಕಟಕಟಿಸುತ್ತಾ ಹೇಳಿದರು. ಹೇಳಿ, ತಮ್ಮ ಮನೆಗೆ ಓಡಿ ಕಂಬಳಿ ತಂದರು. ತಂದದ್ದು ಒಂದೇ ಕಂಬಳಿ. ಅದನ್ನು ನನ್ನ ಹೆಂಡತಿಗೆ ಹೊದಿಸಿದರು.

ಆಸ್ಪತ್ರೆಗೆ ಸೇರಿಸಿದ್ದು 5 ಗಂಟೆ 55 ನಿಮಿಷಕ್ಕೆ. ರಾತ್ರಿ ಕಳೆಯದೆ ಏನೂ ಹೇಳಲಾಗದು ಎಂದು ವೈದ್ಯರು ಹೇಳಿದರು. 7 ಗಂಟೆ 20 ನಿಮಿಷಕ್ಕೆ ಈ ಠಾಣೆಯ ಸಾಹೇಬರು ಬಂದು, ಈ ಹೊತ್ತಿನಲ್ಲಿ ಅವರು ಅಲ್ಲಿಗೆ ಯಾಕೆ ಹೋದರು ಎಂದು ಕೇಳಿದರು. ನಾನು ಕಳಿಸಿದೆ ಎನ್ನಬೇಕಿತ್ತು. ಅವಳು ಸತ್ತರೆ ಕೊಂದವನು ನಾನು ಎನ್ನುವ ಭಯ ನನ್ನನ್ನು ಹಿಡಿದಿತ್ತು. ಒಡತಿ ತಪ್ಪು ಹೇಳಿದರು ಎಂದುಬಿಟ್ಟೆ. ಹೇಳಿದ ಮೇಲೆ ಸಮಾಧಾನವಾಯಿತು ಎಂಬುದನ್ನೂ ಬರೆದುಕೊಳ್ಳಿ.

ಇಂದು ಭಾನುವಾರ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ನನ್ನ ಹೆಂಡತಿ ಕಣ್ಣು ಬಿಟ್ಟಳು. ಆ ಅಮ್ಮ ಎಲ್ಲಿ, ಒಣಗಿದ ಬಟ್ಟೆ ಹಾಕಿಕೊಂಡರಾ ಎಂದು ಕೇಳಿದಳು. ಠಾಣೆಯಲ್ಲಿದ್ದಾರೆ ಎಂದೆ. ಯಾಕೆ ಎಂದಳು. ಹೇಳಿದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ, ಮೂವತ್ತು ವರ್ಷ ನಾನು ಯಾರ ಜೊತೆ ಬಾಳಿದೆ ಎಂದಳು. ಬಂಡೆಯ ಮೇಲೆ ಪೂರ್ತಿ ಹೊತ್ತು ಆ ಅಮ್ಮ ನಿಮ್ಮೆಜಮಾನರು ದೋಣಿ ತರುತ್ತಾರೆ, ತಂದೇ ತರುತ್ತಾರೆ ಅಂತ ಕಿವಿಯಲ್ಲಿ ಹೇಳುತ್ತಲೇ ಇದ್ದರು ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ, ನೀವು ಹೋಗಿ ಹೇಳುತ್ತೀರೋ, ಸಾಹೇಬರನ್ನು ಇಲ್ಲಿಗೆ ಕರೆಸಲೋ ಎಂದಳು.

11 ಗಂಟೆ 5 ನಿಮಿಷಕ್ಕೆ ಕುಟೀರಕ್ಕೆ ಹೋಗಿ, ಕಾವಲಿಗಿದ್ದ ಪೇದೆಯವರ ಎದುರಿಗೆ ಕಿಟಕಿಯಿಂದ ಚೀಟಿ ತೆಗೆದೆ. ತೆಗೆದ ಕೂಡಲೇ ಕಿಟಕಿ ಮತ್ತೆ ಬಡಿದುಕೊಳ್ಳತೊಡಗಿತು. ಚೀಟಿಯನ್ನು ಇದರೊಂದಿಗೆ ಹಾಜರುಪಡಿಸಿದ್ದೇನೆ. ಅದರಲ್ಲಿರುವುದು: ಶನಿವಾರ ನೀರು ಪೂರ್ತಿ ಇಳಿಯೋದು 1-50. ಮೂರರ ಮೇಲೆ ಆಮೆಬಂಡೆ ಕಡೆ ಹೋಗ್ಬೇಡಿ. ಬಿಸಿನೀರು ಬೇಕಾದ್ರೆ ನನ್ನ ಬಾಗಿಲು ತಟ್ಟಿ.

ಇಲ್ಲಿ ಠಾಣೆಯಲ್ಲಿ ನಾನು ಇದನ್ನು ಓದುವಾಗ ಒಡತಿ ಒಳಬೆಂಚಿನಿಂದ ಎದ್ದು ಬಂದರು. ನಿನ್ನೆಯ ಬಟ್ಟೆಯೇ ಮೈಮೇಲೆ ಒಣಗಿ, ಉಪ್ಪು ಬಿಳಿಯಾಗಿ ಕೂತಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಚೀಟಿಯ ಮಡಿಕೆಗಳನ್ನು ನೋಡಿ, ಕಿಟಕಿ ಅಷ್ಟೊಂದು ಬಡಿದುಕೊಳ್ಳುತ್ತಿತ್ತಾ, ಹೇಳಿದ್ದರೆ ಆವತ್ತೇ ಸರಿ ಮಾಡಿಸಿಕೊಡುತ್ತಿದ್ದೆನಲ್ಲ ಎಂದರು.

ಇಷ್ಟು ಹೇಳಿಕೆಯನ್ನು ಪೇದೆಯವರು ನನಗೆ ಓದಿ ಹೇಳಿದ್ದಾರೆ. ಇದರಲ್ಲಿ ನನ್ನ ತಿಳುವಳಿಕೆಗೆ ಸುಳ್ಳೆಂಬುದು ಉಳಿದಿಲ್ಲ. ನಿನ್ನೆಯ ಹೇಳಿಕೆಯಲ್ಲಿ ತಪ್ಪಿತಸ್ಥರು ಎಂದಿರುವ ಕಡೆ ಅವರ ಬದಲು ನನ್ನನ್ನು ಸೇರಿಸಿಕೊಳ್ಳಿ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಭಾನುವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ (ವೇಳೆ ಒಡತಿಯವರನ್ನು ಕೇಳಿ ಬರೆಸಿದ್ದು)
ಹೇಳಿಕೆ ಕೊಟ್ಟವನ ಸಹಿ