ಬಾನೆಟ್ಟಿನೊಳಗಿನ ಹೆಸರುಗಳು

ಇಟಲಿಯ ಮೊಡೆನಾದ ಬೆಳಗಿನ ಮಂಜಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾರು ಕಾರ್ಖಾನೆಯಲ್ಲಿ ತಗಡು ಬಡಿಯುವ ಮುದುಕ ಎರ್ಮೆಸ್, ಅದೇ ಕಾರ್ಖಾನೆಯ ಎಂಜಿನಿಯರ್ ಲೋರೆದಾನಾ.

"ಮಾವ, ಪ್ರದರ್ಶನದ ಕಾರು ಗೊತ್ತುಮಾಡಿದ ತೂಕಕ್ಕಿಂತ ಇನ್ನೂ ನಲವತ್ತು ಗ್ರಾಂ ಜಾಸ್ತಿ ಇದೆ."

"ಸೀಟಿನ ಸ್ಪಂಜು ಕೆರೆದ್ಯಾ?"

"ಕೆರೆದಾಯ್ತು, ಬಣ್ಣಾನೂ ತೆಳ್ಳಗೆ ಮಾಡಾಯ್ತು. ಉಳಿದಿರೋದು ಬಾನೆಟ್ ಒಳಗಿನ ಫಲಕ ಒಂದೇ."

"ಕಟ್ಟಿದೋರ ಹೆಸರಿರೋದಾ? ಇದು ನನ್ನ ಕೊನೇ ಕಾರು ಕಣೇ."

"ಗೊತ್ತು ಮಾವ."

ಮುದುಕ ಮಂಜನ್ನೇ ನೋಡುತ್ತ ನಿಂತ.

"ನಿನ್ನೆ ಕನಸಲ್ಲಿ ಆ ಕಾರು ಬಂದಿತ್ತು. ಚಕ್ರ ನೆಲಕ್ಕೇ ತಾಗ್ತಿರಲಿಲ್ಲ, ಹಿಂಗೇ ಮಂಜಿನ ಮೇಲೆ ತೇಲ್ತಿತ್ತು. ಕಿತ್ತುಹಾಕು ಫಲಕಾನ."

"ಹೆಸರುಗಳು?"

"ಬಾನೆಟ್ ತಗಡಿನ ಮೇಲೇ ಕೆತ್ತುತ್ತೀನಿ."

"ತೂಕ ಮಾವ..."

"ದಡ್ಡಿ! ಕೆತ್ತಿದಷ್ಟೂ ಇಳಿಯುತ್ತೆ."

ಬಸ್ಸು ಬಂತು. ಹತ್ತುತ್ತ ಅವಳು ಹೇಳಿದಳು:

"ಹಂಗಾದ್ರೆ ನನ್ನ ಹೆಸರು ಪೂರ್ತಿ ಕೆತ್ತಿ, ಮನೆತನದ್ದೂ ಸೇರಿಸಿ."